ಮೆಸ್ಸಿಗಿಂತ ಮೊದಲು

ನಮ್ಮ ಸಹೋದರ ಮಾಸಿಕವೊಂದು ಹೊಸ ವರ್ಷದ ಸಂಚಿಕೆಯ ಮುಖಪುಟಕ್ಕೆ ಮೆಸ್ಸಿಯನ್ನು ಹಾಕಿಕೊಂಡಿದೆ. ಒಳಗೆ ಉದ್ದನೆಯ ಲೇಖನ. ಅದರ ತಾತ್ಪರ್ಯ ಇಷ್ಟು: ಬೇಸ್‌ಬಾಲು, ಬ್ಯಾಸ್ಕೆಟ್‌ಬಾಲು, ಹೆಲ್ಮೆಟ್ ತೊಟ್ಟು ಆಡುವ ತಮ್ಮದೇ ಫುಟ್‌ಬಾಲು, ಇಷ್ಟರಲ್ಲೇ ಮುಳುಗಿದ್ದ ಅಮೆರಿಕನ್ನರಿಗೆ 2023ರ ಜುಲೈನಲ್ಲಿ ಮೆಸ್ಸಿ ಮಯಾಮಿಗೆ ಬಂದಿಳಿದ ಮೇಲೆ ಸಾಕರ್ ರುಚಿ ಹತ್ತಿತು, 2025ರ ಡಿಸೆಂಬರ್ 6ರಂದು ಅವನ ತಂಡ ಇಂಟರ್ ಮಯಾಮಿ ಅಲ್ಲಿನ ಲೀಗಾದ ಎಂಎಲ್‌ಎಸ್‌ನ ಕಪ್ ಗೆದ್ದದ್ದು ಈ ಕಥೆಯ ಮೊದಲ ಅಧ್ಯಾಯ, 2026ರ ಜೂನ್‌ನ ವಿಶ್ವಕಪ್ ಎರಡನೆಯದು. ಬರೆದವರು ಒಂದು ಕಾಲಕ್ಕೆ ನಮಗೂ ಬರೆಯುತ್ತಿದ್ದವರೇ. ಭಾಷೆಗೆ ಹೆಸರಿಡುವಂತಿಲ್ಲ. ಆದರೆ ಇಡೀ ಲೇಖನದಲ್ಲಿ 1994ಕ್ಕಿಂತ ಹಿಂದಿನ ಒಂದು ಇಸವಿ ಇಲ್ಲ, ಒಬ್ಬ ಹೆಂಗಸಿನ ಹೆಸರಿಲ್ಲ, ಒಬ್ಬ ಮೆಕ್ಸಿಕನ್ ಇಲ್ಲ. ಇಷ್ಟನ್ನೂ ಬಿಟ್ಟು ಅಮೆರಿಕದ ಸಾಕರ್ ಬಗ್ಗೆ ಬರೆಯುವುದಕ್ಕೆ ಸಾಧ್ಯ ಎನ್ನುವುದೇ ನನಗೆ ಸೋಜಿಗ.

ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್ ಬಟ್ಟೆ ಗಿರಣಿಗಳ ಊರು. ಲ್ಯಾಂಕಶೈರಿನಿಂದ, ಸ್ಕಾಟ್ಲೆಂಡಿನಿಂದ, ಪೋರ್ಚುಗಲ್‌ನಿಂದ, ಫ್ರೆಂಚ್ ಮಾತಾಡುವ ಕೆನಡಾದಿಂದ ಬಂದವರು ವಾರವಿಡೀ ಮಗ್ಗದ ಮುಂದೆ ನಿಂತು, ರಜೆ ಸಿಕ್ಕ ದಿನ ಚೆಂಡು ಒದೆಯುತ್ತಿದ್ದರು. ರಜೆ ಎಂದರೆ ಭಾನುವಾರ. ಆ ರಾಜ್ಯದಲ್ಲಿ ಭಾನುವಾರ ದುಡ್ಡು ತೆಗೆದುಕೊಂಡು ಆಟ ಆಡಿಸುವುದಕ್ಕೆ ಕಾನೂನು ಅಡ್ಡ. ಫಾಲ್ ರಿವರ್ ಮಾರ್ಕ್ಸ್‌ಮೆನ್ ತಂಡದ ಒಡೆಯ ಸ್ಯಾಮ್ ಮಾರ್ಕ್ ಏನು ಮಾಡಿದ ಗೊತ್ತೇ? ರಾಜ್ಯದ ಗಡಿ ದಾಟಿದ ಕೂಡಲೇ, ರೋಡ್ ಐಲೆಂಡಿನ ಟಿವರ್ಟನ್‌ನಲ್ಲಿ ಸ್ಟೇಡಿಯಂ ಕಟ್ಟಿದ. ಭಾನುವಾರ ಜನ ಗಡಿ ದಾಟಿ ಹೋಗಿ ಆಟ ನೋಡಿ ಬರುತ್ತಿದ್ದರು. ಇದು 1920ರ ದಶಕದ ಮಾತು. 1921ರಲ್ಲಿ ಶುರುವಾದ ಅಮೆರಿಕನ್ ಸಾಕರ್ ಲೀಗ್ ಸ್ಕಾಟ್ಲೆಂಡಿನ ಕ್ಲಬ್ಬುಗಳಿಂದ ಆಟಗಾರರನ್ನು ಸೆಳೆದು ತರುವಷ್ಟು ಸಂಬಳ ಕೊಡುತ್ತಿತ್ತು. ಬೆಥ್ಲೆಹೆಮ್ ಸ್ಟೀಲ್ ಎನ್ನುವ ಉಕ್ಕಿನ ಕಾರ್ಖಾನೆಯ ತಂಡಕ್ಕೆ ಆಡಿದ ಆರ್ಚೀ ಸ್ಟಾರ್ಕ್ 1924-25ರ ಒಂದೇ ಸೀಸನ್ನಿನಲ್ಲಿ 67 ಗೋಲು ಹೊಡೆದ. ಫಾಲ್ ರಿವರ್‌ನ ಹುಡುಗ ಬರ್ಟ್ ಪ್ಯಾಟೆನಾಡ್ 1930ರ ಮೊದಲ ವಿಶ್ವಕಪ್ಪಿನಲ್ಲಿ ಪರಾಗ್ವೆ ವಿರುದ್ಧ ಮೂರು ಗೋಲು ಹೊಡೆದ. ವಿಶ್ವಕಪ್ಪಿನ ಇತಿಹಾಸದ ಮೊದಲ ಹ್ಯಾಟ್ರಿಕ್ ಅದು. ಫಿಫಾ ಅದನ್ನು ಒಪ್ಪಿಕೊಂಡದ್ದು 2006ರಲ್ಲಿ. ಪ್ಯಾಟೆನಾಡ್ ಆಗ ಬದುಕಿರಲಿಲ್ಲ. ಆ ಸಲ ಅಮೆರಿಕ ಸೆಮಿಫೈನಲ್ ತಲುಪಿತ್ತು.

ಹಾಗಾದರೆ ಆ ಲೀಗ್ ಏನಾಯಿತು? ಪದಾಧಿಕಾರಿಗಳು ತಿಂದುಹಾಕಿದರು. 1928ರಲ್ಲಿ ಕಪ್ ಪಂದ್ಯಾವಳಿಯೊಂದಕ್ಕೆ ಕ್ಲಬ್ಬುಗಳು ಆಡಬೇಕೋ ಬೇಡವೋ ಎನ್ನುವ ವಿಷಯಕ್ಕೆ ರಾಷ್ಟ್ರೀಯ ಸಂಸ್ಥೆಗೂ ಲೀಗಿಗೂ ಜಗಳ ಹತ್ತಿತು. ಬಹಿಷ್ಕಾರ, ಎದುರು ಲೀಗು, ಮತ್ತೆ ರಾಜಿ. ಅಷ್ಟರೊಳಗೆ 1929ರ ಕುಸಿತ ಬಂತು, ಗಿರಣಿಗಳು ಬಾಗಿಲು ಹಾಕಿದವು. ನಮ್ಮ ಸಾಹಿತ್ಯ ಸಂಸ್ಥೆಗಳ ಚುನಾವಣೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕನ್ನರ ಸ್ವಭಾವಕ್ಕೆ ಸಾಕರ್ ಒಗ್ಗಲಿಲ್ಲ, ಬೇರೆ ಆಟಗಳು ಜಾಗವನ್ನೆಲ್ಲ ಮೊದಲೇ ಹಿಡಿದಿದ್ದವು ಎಂದು ವಿದ್ವಾಂಸರು ವಾದಿಸುತ್ತಾರೆ. ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಒಗ್ಗಿದವರು ಇದ್ದರು, ಅವರು ಗಿರಣಿಯ ವಲಸೆಗಾರರಾಗಿದ್ದರು, ಅವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಸತ್ಯ.

1950ರ ಜೂನ್ 29, ಬ್ರೆಜಿಲ್‌ನ ಬೆಲೊ ಹೊರಿಜಾಂಟೆ. ವಿಶ್ವಕಪ್ ಪಂದ್ಯ, ಎದುರಿಗೆ ಇಂಗ್ಲೆಂಡ್. ಅಮೆರಿಕದ ಗೋಲ್‌ಕೀಪರ್ ಫ್ರಾಂಕ್ ಬೋರ್ಗಿ, ಸೇಂಟ್ ಲೂಯಿಸ್‌ನಲ್ಲಿ ಹೆಣ ಸಾಗಿಸುವ ಗಾಡಿಯ ಡ್ರೈವರ್. ಮಿಡ್‌ಫೀಲ್ಡಿನಲ್ಲಿ ವಾಲ್ಟರ್ ಬಾಹ್ರ್, ಫಿಲಡೆಲ್ಫಿಯಾದ ಶಾಲಾ ಮೇಷ್ಟ್ರು. ಮುಂದೆ ಜೋ ಗೇಜನ್ಸ್, ಹೈಟಿಯಿಂದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದಲು ಬಂದು, ನ್ಯೂಯಾರ್ಕಿನ ಹೋಟೆಲೊಂದರಲ್ಲಿ ತಟ್ಟೆ ತೊಳೆಯುತ್ತಿದ್ದವನು. ಮೊದಲರ್ಧ ಮುಗಿಯಲು ಎಂಟು ನಿಮಿಷದಷ್ಟು ಇದ್ದಾಗ ಬಾಹ್ರ್ ಇಪ್ಪತ್ತೈದು ಗಜ ದೂರದಿಂದ ಒದ್ದ. ಇಂಗ್ಲೆಂಡಿನ ಕೀಪರ್ ಬಲಕ್ಕೆ ಸರಿದು ಹಿಡಿಯುವುದರಲ್ಲಿದ್ದ. ಗೇಜನ್ಸ್ ಅಡ್ಡ ಹಾರಿ ತಲೆಯನ್ನು ಚೆಂಡಿಗೆ ಸೋಕಿಸಿದ. ದಿಕ್ಕು ತಪ್ಪಿದ ಚೆಂಡು ಬಲೆಯೊಳಗೆ. 1-0. ಆಟ ಮುಗಿದ ಮೇಲೆ ಬ್ರೆಜಿಲ್‌ನ ಪ್ರೇಕ್ಷಕರು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅವತ್ತು ಆಡಿದ ಹನ್ನೊಂದು ಜನರಲ್ಲಿ ಮೂವರಿಗೆ ಅಮೆರಿಕದ ಪೌರತ್ವವೇ ಇರಲಿಲ್ಲ. ಗೇಜನ್ಸ್ ಅವರಲ್ಲೊಬ್ಬ.

ಆ ಪಂದ್ಯಕ್ಕೆ ಅಮೆರಿಕದಿಂದ ಹೋಗಿದ್ದ ಪತ್ರಕರ್ತ ಒಬ್ಬನೇ. ಸೇಂಟ್ ಲೂಯಿಸ್ ಪೋಸ್ಟ್-ಡಿಸ್ಪ್ಯಾಚ್ ಪತ್ರಿಕೆಯ ಡೆಂಟ್ ಮ್ಯಾಕ್‌ಸ್ಕಿಮಿಂಗ್. ಪತ್ರಿಕೆ ಅವನನ್ನು ಕಳಿಸಿರಲಿಲ್ಲ. ರಜೆ ಹಾಕಿ, ಸ್ವಂತ ದುಡ್ಡು ಹಾಕಿಕೊಂಡು ಹೋಗಿದ್ದ. ನಮ್ಮಲ್ಲಿ ಈಗ ಮೆಸ್ಸಿಯ ಬಗ್ಗೆ ಏಜೆನ್ಸಿ ಸುದ್ದಿಯನ್ನೇ ತಿರುಗಿಸಿ ಮುರುಗಿಸಿ ಬರೆಯುವವರು ಈ ಮನುಷ್ಯನ ಫೋಟೋವೊಂದನ್ನು ಗೋಡೆಗೆ ಹಾಕಿಕೊಳ್ಳಬಹುದು.

ಗೇಜನ್ಸ್ ಹೈಟಿಗೆ ಮರಳಿದ. 1964ರ ಜುಲೈನಲ್ಲಿ ಸರ್ವಾಧಿಕಾರಿ ಡುವಾಲಿಯೇನ ಗುಪ್ತ ಪೊಲೀಸರು ಅವನನ್ನು ಎತ್ತಿಕೊಂಡು ಹೋದರು. ಹೆಣವೂ ಸಿಗಲಿಲ್ಲ. ಬಾಹ್ರ್‌ನ ಇಬ್ಬರು ಗಂಡುಮಕ್ಕಳು, ಕ್ರಿಸ್ ಮತ್ತು ಮ್ಯಾಟ್, ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಒದೆಯುವವರಾಗಿ ಸೇರಿ, ತಲಾ ಎರಡು ಸೂಪರ್ ಬೌಲ್ ಗೆದ್ದರು. ಅಪ್ಪನ ಒದೆತ ಮಕ್ಕಳಿಗೆ ಅನ್ನವಾಯಿತು, ಬೇರೆ ಆಟದಲ್ಲಿ.

ಪೆಲೆ 1975ರಲ್ಲಿ ನ್ಯೂಯಾರ್ಕ್ ಕಾಸ್ಮಾಸ್ ಸೇರಿದ್ದು, 1977ರಲ್ಲಿ ಆ ತಂಡದ ಒಂದು ಪಂದ್ಯಕ್ಕೆ 77,691 ಜನ ಸೇರಿದ್ದು, 1984ರ ಸೀಸನ್ನಿನ ಬಳಿಕ ಅದು ಆಡುತ್ತಿದ್ದ ಲೀಗೇ ಮುಳುಗಿದ್ದು, ಇದೆಲ್ಲ ನಮ್ಮ ಓದುಗರಿಗೆ ಗೊತ್ತು. ಅದನ್ನು ದಾಟೋಣ. ಜ್ಯಾಕ್ ಕೆಂಪ್ ಪ್ರಸಂಗವನ್ನು ಮಾತ್ರ ಹೇಳಲೇಬೇಕು. ಈತ ಹೆಲ್ಮೆಟ್ ಫುಟ್‌ಬಾಲಿನ ಕ್ವಾರ್ಟರ್‌ಬ್ಯಾಕ್ ಆಗಿದ್ದು ಆಮೇಲೆ ಸಂಸದನಾದವನು. 1994ರ ವಿಶ್ವಕಪ್ಪನ್ನು ಅಮೆರಿಕಕ್ಕೆ ತರುವ ಮಾತು 1986ರಲ್ಲಿ ಸದನದಲ್ಲಿ ಎದ್ದಾಗ, ನಮ್ಮ ಫುಟ್‌ಬಾಲು ಪ್ರಜಾಸತ್ತಾತ್ಮಕ ಬಂಡವಾಳಶಾಹಿ ಆಟ, ಸಾಕರ್ ಯುರೋಪಿನ ಸಮಾಜವಾದಿ ಆಟ ಎಂದು ಎದ್ದು ನಿಂತು ವಿರೋಧಿಸಿದ. ನಗು ಬರುವುದು ಇಲ್ಲಿ. ಯುರೋಪಿನ ಲೀಗುಗಳಲ್ಲಿ ಸೋತ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ, ಕೆಳಗಿನದು ಗೆದ್ದರೆ ಮೇಲೆ ಬರುತ್ತದೆ. ಅಮೆರಿಕದಲ್ಲಿ ಯಾವ ಒಡೆಯನೂ ಕೆಳಗಿಳಿಯುವುದಿಲ್ಲ. ಕೊನೆಯ ಸ್ಥಾನಕ್ಕೆ ಬಂದರೂ ಬರುವ ವರ್ಷದ ಪಾಲು ಭದ್ರ. ಸಂಬಳಕ್ಕೆ ಮಿತಿ, ಹೊಸ ಆಟಗಾರರ ಹಂಚಿಕೆಗೆ ಸರದಿ. ಸಮಾಜವಾದ ಎನ್ನುವುದಿದ್ದರೆ ಅದು ಅಲ್ಲಿನ ಒಡೆಯರಿಗಾಗಿ ಮಾತ್ರ ಇದೆ.

1996ರಲ್ಲಿ ಹತ್ತು ತಂಡಗಳಿಂದ ಶುರುವಾದ ಎಂಎಲ್‌ಎಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಆಟಗಾರನ ಕರಾರು ಕ್ಲಬ್ಬಿನ ಜೊತೆಗಲ್ಲ, ಲೀಗಿನ ಜೊತೆಗೆ. ಒಡೆಯರೆಲ್ಲ ಒಂದೇ ಕಂಪನಿಯ ಪಾಲುದಾರರು. ಆಟಗಾರನಿಗಾಗಿ ತಮ್ಮೊಳಗೆ ಪೈಪೋಟಿ ಮಾಡಿ ಬೆಲೆ ಏರಿಸುವ ಗೊಡವೆ ಇಲ್ಲ. ಆಟಗಾರರು 1997ರಲ್ಲಿ ಕೋರ್ಟಿಗೆ ಹೋದರು, ಸೋತರು. 2007ರಲ್ಲಿ ಇಂಗ್ಲೆಂಡಿನ ತಾರೆ ಬೆಕ್‌ಹ್ಯಾಮ್ ಈ ಲೀಗಿಗೆ ಆಡಲು ಬಂದಾಗ ಮುಂದೊಂದು ದಿನ 25 ಮಿಲಿಯನ್ ಡಾಲರಿಗೆ ತಂಡವೊಂದನ್ನು ಕೊಳ್ಳುವ ಹಕ್ಕನ್ನು ಬರೆಸಿಕೊಂಡಿದ್ದ. ಇವತ್ತಿನ ಇಂಟರ್ ಮಯಾಮಿ ಅದೇ. ಮೂವತ್ತನೆಯ ತಂಡವಾಗಿ 2025ರಲ್ಲಿ ಆಡಲಿಳಿದ ಸ್ಯಾನ್ ಡಿಯಾಗೋ ಲೀಗಿಗೆ ಕೊಟ್ಟ ಪ್ರವೇಶಧನ 500 ಮಿಲಿಯನ್. ‘ಬೆಳೆಯುತ್ತಿರುವ ಜನಪ್ರಿಯತೆ’ ಎಂದು ಎಲ್ಲರೂ ಬರೆಯುತ್ತಿರುವುದರಲ್ಲಿ ಮುಕ್ಕಾಲು ಪಾಲು ಈ ಬೆಲೆಯ ಬೆಳವಣಿಗೆ. ಜನ ಮೊದಲೇ ಇದ್ದರು. ಅಮೆರಿಕದ ಟೀವಿಯಲ್ಲಿ ಬಹುಕಾಲ ಅತಿಹೆಚ್ಚು ಮಂದಿ ನೋಡಿದ ಸಾಕರ್ ಲೀಗ್ ಮೆಕ್ಸಿಕೋದ್ದು, ಸ್ಪ್ಯಾನಿಷ್ ಚಾನೆಲ್ಲುಗಳಲ್ಲಿ. ಅವರನ್ನು ಎಣಿಸಲು ಯಾರಿಗೂ ಮನಸ್ಸಿರಲಿಲ್ಲ, ಅಷ್ಟೆ.

ನಿಜವಾಗಿ ಬೆಳೆದದ್ದು ಹೆಣ್ಣುಮಕ್ಕಳ ಆಟ. ಅದನ್ನು ಬೆಳೆಸಿದ್ದು ಯಾವ ತಾರೆಯೂ ಅಲ್ಲ, 1972ರ ಒಂದು ಕಾನೂನು. ಸರ್ಕಾರದ ಹಣ ಪಡೆಯುವ ಶಾಲೆ-ಕಾಲೇಜುಗಳು ಹೆಣ್ಣು ಗಂಡೆಂದು ಭೇದ ಮಾಡುವಂತಿಲ್ಲ ಎನ್ನುವ ‘ಟೈಟಲ್ ನೈನ್’. ಅದಕ್ಕೆ ಮೊದಲು ಅಮೆರಿಕದ ಹೈಸ್ಕೂಲುಗಳಲ್ಲಿ ಸಾಕರ್ ಆಡುತ್ತಿದ್ದ ಹುಡುಗಿಯರು ಏಳುನೂರರಷ್ಟು. ಇವತ್ತು ಮೂರೂವರೆ ಲಕ್ಷಕ್ಕೂ ಮೇಲೆ. 1985ರಲ್ಲಿ ಮೊದಲ ರಾಷ್ಟ್ರೀಯ ಮಹಿಳಾ ತಂಡ ಇಟಲಿಗೆ ಹೊರಟಾಗ ಅವರಿಗೆ ಕೊಟ್ಟದ್ದು ಗಂಡಸರ ಬಟ್ಟೆ; ಅಳತೆಗೆ ಕತ್ತರಿಸಿ ಹೊಲಿದುಕೊಂಡು ಆಡಿದರು. ಹದಿನಾಲ್ಕು ವರ್ಷದ ಮೇಲೆ, 1999ರ ವಿಶ್ವಕಪ್ ಫೈನಲ್ಲಿಗೆ ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ 90,185 ಜನ ಕೂತಿದ್ದರು. ಬ್ರಾಂಡಿ ಚಾಸ್ಟೈನ್ ಕೊನೆಯ ಪೆನಾಲ್ಟಿ ಹೊಡೆದು ಚೀನಾವನ್ನು ಸೋಲಿಸಿದಳು. ನಾಲ್ಕು ಸಲ ವಿಶ್ವಕಪ್ ಗೆದ್ದ ಆ ತಂಡ ಸಮಾನ ಸಂಬಳಕ್ಕಾಗಿ ತನ್ನದೇ ಸಂಸ್ಥೆಯ ಮೇಲೆ 2019ರಲ್ಲಿ ದಾವೆ ಹೂಡಬೇಕಾಯಿತು. 2022ರಲ್ಲಿ 24 ಮಿಲಿಯನ್ ಡಾಲರಿಗೆ ರಾಜಿಯಾಯಿತು. ಗಂಡಸರ ತಂಡ 1930ರ ಸೆಮಿಫೈನಲ್ಲನ್ನು 2022ರ ವಿಶ್ವಕಪ್ಪಿನವರೆಗೂ ಮತ್ತೆ ಕಂಡಿರಲಿಲ್ಲ. ನಮ್ಮ ಸಹೋದರ ಪತ್ರಿಕೆಯ ಲೇಖನದಲ್ಲಿ ಇದಕ್ಕೆ ಒಂದು ಪ್ಯಾರಾ ಕೂಡ ಸಿಗದೇ ಹೋಯಿತು.

ಎಲ್ಲವೂ ಸರಿಯಿದೆ ಎಂದಲ್ಲ. ಮಕ್ಕಳ ಆಟ ಅಲ್ಲಿ ಈಗ ದುಡ್ಡಿದ್ದವರ ಆಟ. ಕ್ಲಬ್ ಶುಲ್ಕ, ಕೋಚ್ ಶುಲ್ಕ, ಪಂದ್ಯಾವಳಿಗೆ ಹೋದಲ್ಲಿ ಹೋಟೆಲ್ ಖರ್ಚು, ವರ್ಷಕ್ಕೆ ಸಾವಿರಗಟ್ಟಲೆ ಡಾಲರು. ನ್ಯೂಜೆರ್ಸಿಯಲ್ಲೂ ಕ್ಯಾಲಿಫೋರ್ನಿಯಾದಲ್ಲೂ ಇರುವ ನಮ್ಮ ಚಂದಾದಾರರು ಶನಿವಾರ ಬೆಳಗ್ಗೆ ಮಡಚುವ ಕುರ್ಚಿ ಹಾಕಿಕೊಂಡು ಮೈದಾನದ ಅಂಚಿನಲ್ಲಿ ಕೂರುವವರು. ಅವರಿಗೆ ಈ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು. ತೋಟದಲ್ಲಿ ಹಣ್ಣು ಕೀಳುವ ಮೆಕ್ಸಿಕನ್ನನ ಮಗನಿಗೆ ಆ ಅಂಗಳದಲ್ಲಿ ಜಾಗವಿಲ್ಲ ಎನ್ನುವುದೂ ಅವರಿಗೆ ಕಾಣುತ್ತಿರಬೇಕು. ಕಂಡದ್ದನ್ನು ಅವರು ಬರೆದರೆ ಮೆಸ್ಸಿ ಸ್ತುತಿಗಿಂತ ಹೆಚ್ಚು ಬೆಲೆಯ ಲೇಖನವಾಗುತ್ತದೆ.

ಇನ್ನು 2026ರ ಜೂನ್‌ನ ವಿಶ್ವಕಪ್. 1994ರಲ್ಲಿ ಅಮೆರಿಕದಲ್ಲೇ ನಡೆದ ವಿಶ್ವಕಪ್ಪಿಗೆ 35 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಆ ದಾಖಲೆ 2022ರ ವಿಶ್ವಕಪ್ಪಿನವರೆಗೂ ಮುರಿದಿರಲಿಲ್ಲ. ಆಗ ಟಿಕೆಟ್ 25 ಡಾಲರಿನಿಂದ ಶುರುವಾಗಿ 475ಕ್ಕೆ ಮುಗಿಯುತ್ತಿತ್ತು. ಈ ಸಲ ಜುಲೈ 19ರ ಫೈನಲ್ಲಿಗೆ ತಂಡಗಳ ಅಭಿಮಾನಿಗಳ ಪಾಲಿನಲ್ಲಿ ಅತಿ ಅಗ್ಗದ ಟಿಕೆಟ್ಟೇ 4,185 ಡಾಲರ್ ಎಂದು ಗೊತ್ತಾಗಿ 2025ರ ಡಿಸೆಂಬರಿನಲ್ಲಿ ಯುರೋಪಿನ ಅಭಿಮಾನಿ ಸಂಘಗಳು ಗಲಾಟೆ ಎಬ್ಬಿಸಿದವು. ಫಿಫಾ ಗಾಬರಿಯಾಗಿ 60 ಡಾಲರಿನ ಒಂದು ಹಿಡಿ ಟಿಕೆಟ್ ಎಸೆದು ಕೈತೊಳೆದುಕೊಂಡಿತು. ಅದಕ್ಕೆ ಕೆಲವೇ ದಿನ ಮೊದಲು, ಡಿಸೆಂಬರ್ 5ರಂದು ವಾಷಿಂಗ್ಟನ್ನಿನಲ್ಲಿ, ಇದೇ ಫಿಫಾ ಡೊನಾಲ್ಡ್ ಟ್ರಂಪ್‌ಗೆ ತಾನೇ ಹೊಸದಾಗಿ ಹುಟ್ಟುಹಾಕಿದ ಶಾಂತಿ ಪ್ರಶಸ್ತಿಯನ್ನು ಕೊಟ್ಟಿತು.  ಪ್ರಶಸ್ತಿ ಹಂಚುವುದರಲ್ಲಿ ಇದು ನಮ್ಮವರನ್ನೂ ಮೀರಿಸಿತು.

ಗೇಜನ್ಸ್‌ನ ಹೈಟಿ 1974ರ ನಂತರ ಮೊದಲ ಬಾರಿಗೆ ಈ ವಿಶ್ವಕಪ್ಪಿಗೆ ಅರ್ಹವಾಯಿತು. ಜೂನ್ 13ರಂದು ಅದರ ಮೊದಲ ಪಂದ್ಯ ಸ್ಕಾಟ್ಲೆಂಡ್ ವಿರುದ್ಧ, ಮ್ಯಾಸಚೂಸೆಟ್ಸ್‌ನ ಫಾಕ್ಸ್‌ಬರೋದಲ್ಲಿ. ಫಾಲ್ ರಿವರ್‌ನಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. 2025ರ ಜೂನ್‌ನಲ್ಲಿ ಟ್ರಂಪ್ ಹೊರಡಿಸಿದ ಪ್ರವೇಶ ನಿಷೇಧದ ಪಟ್ಟಿಯಲ್ಲಿ ಹೈಟಿ ಇದೆ. ಆಟಗಾರರಿಗೆ, ಕೋಚುಗಳಿಗೆ ವಿನಾಯಿತಿ ಉಂಟು, ಅಭಿಮಾನಿಗಳಿಗೆ ಇಲ್ಲ. ಇಂಗ್ಲೆಂಡನ್ನು ಸೋಲಿಸಿಕೊಟ್ಟವನ ಊರಿನವರು ಗೇಟಿನ ಹೊರಗಲ್ಲ, ದೇಶದ ಹೊರಗೆ. ಸಾಕರ್ ಅಮೆರಿಕದ್ದಾಗುವುದು ಎಂದರೆ ಇದಾದರೆ, ಗಿರಣಿಯವರ ಕೈಯಲ್ಲಿದ್ದಾಗಲೇ ಅದು ಹೆಚ್ಚು ಅಮೆರಿಕದ್ದಾಗಿತ್ತು.

ಕನ್ನಡದಲ್ಲಿ ಇದನ್ನು ಬರೆಯುವ ಹಕ್ಕು ನಮಗೇನು ಎಂದು ಕೇಳುವವರಿಗೆ: ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) 2014ರಲ್ಲಿ ಶುರುವಾದದ್ದು ಇದೇ ಅಮೆರಿಕನ್ ಮಾದರಿಯಲ್ಲಿ, ದುಡ್ಡು ಕೊಟ್ಟು ಒಳಬರುವ, ಯಾರೂ ಕೆಳಗಿಳಿಯದ ಲೀಗಾಗಿ. 2025ರ ಜುಲೈನಲ್ಲಿ ಹಕ್ಕಿನ ಒಪ್ಪಂದದ ತಕರಾರಿಗೆ ಅದನ್ನು ತಡೆಹಿಡಿದಾಗ ಸಂಬಳ ನಿಂತದ್ದು ಆಟಗಾರರದು. ಅದೇ ವರ್ಷದ ಡಿಸೆಂಬರ್ 13ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಸಾವಿರಾರು ರೂಪಾಯಿ ತೆತ್ತು ಬಂದವರು ಗಣ್ಯರ ಬೆನ್ನಿನ ಹಿಂದೆ ಮೆಸ್ಸಿ ಕಾಣದೆ ಕುರ್ಚಿ ಕಿತ್ತೆಸೆದದ್ದನ್ನೂ ನೋಡಿದ್ದೇವೆ. ಬೆಂಗಳೂರಿನಲ್ಲೋ, 1937ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್, ಕೋಲ್ಕತ್ತ ತಲೆಯ ಮೇಲೆ ಹೊತ್ತು ಮೆರೆದ ಅಹ್ಮದ್ ಖಾನ್, ಇವರ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ದಂಡು ಪ್ರದೇಶದ ತಮಿಳು, ಉರ್ದು ಮಾತಾಡುವ ಬಡವರ ಆಟವಾದ್ದರಿಂದ ನಮ್ಮ ಸಾಂಸ್ಕೃತಿಕ ಪುಟಗಳಿಗೆ ಅದು ಸಂಸ್ಕೃತಿ ಎನಿಸಲಿಲ್ಲ. ಗೌತಮಪುರದ ಬೀದಿಯಲ್ಲಿ ಪೆಲೆಯ ಪ್ರತಿಮೆ ನಿಂತಿದೆ. ಅದನ್ನು ನೋಡಲು ಹೋದ ಕನ್ನಡ ಲೇಖಕರ ಪಟ್ಟಿ ಬಹಳ ಚಿಕ್ಕದಿರಬೇಕು.

ಈ ಸಂಚಿಕೆಯ ವಿಶೇಷ ವಿಭಾಗ ‘ಆಟ ಮತ್ತು ಒಡೆತನ’, ಪುಟ 17ರಿಂದ.

ಮುಂದಿನ ಸಂಚಿಕೆಗೆ ಆಸ್ಟಿನ್ ಟೌನ್, ಗೌತಮಪುರ, ಶಾಂತಿನಗರದ ಹಳೆಯ ಆಟಗಾರರ ಬರಹಗಳು ಬೇಕು. ತಮಿಳಿನಲ್ಲೋ ಉರ್ದುವಿನಲ್ಲೋ ಇದ್ದರೂ ಕಳಿಸಿ, ಅನುವಾದದ ಹೊಣೆ ನಮ್ಮದು. ಬರೆಯಲಾಗದವರು ತಿಳಿಸಿದರೆ ನಾವೇ ಬಂದು ಕೇಳಿ ಬರೆದುಕೊಳ್ಳುತ್ತೇವೆ. ಸಂಭಾವನೆ ಕಡಿಮೆ, ಆದರೆ ಕೊಡುತ್ತೇವೆ.