24 ಗಂಟೆಯ ಗೆರೆಯನ್ನು ಅಳಿಸಿ

ರಾತ್ರಿ ಹನ್ನೊಂದಕ್ಕೆ ಎದೆನೋವೆಂದು ಅಪ್ಪನನ್ನು ಎಮರ್ಜೆನ್ಸಿಗೆ ಕರೆತರುತ್ತೀರಿ. ಇಸಿಜಿ ತೆಗೆಯುತ್ತಾರೆ. ಟ್ರೋಪೋನಿನ್ ಪರೀಕ್ಷೆಗೆ ರಕ್ತ ಎಳೆಯುತ್ತಾರೆ, ಕೆಲವು ಗಂಟೆ ಬಿಟ್ಟು ಮತ್ತೆ ಎಳೆಯುತ್ತಾರೆ. ಬೆಳಗಾದ ಮೇಲೆ ಡಾಕ್ಟರು, ‘ಹಾರ್ಟ್ ಅಟ್ಯಾಕ್ ಅಲ್ಲ, ಮನೆಗೆ ಹೋಗಿ’ ಎನ್ನುತ್ತಾರೆ. ಹೋದ ಜೀವ ಬಂದಂತಾಗುತ್ತದೆ. ಬಿಲ್ ಹಿಡಿದು ಇನ್ಶೂರೆನ್ಸ್ ಡೆಸ್ಕಿಗೆ ಹೋದರೆ ಉತ್ತರ ಒಂದೇ ಸಾಲು: ‘ಕ್ಲೇಮ್ ಆಗಲ್ಲ ಸಾರ್, 24 ಗಂಟೆ ಆಗಿಲ್ಲ.’

ನಮ್ಮ ಆರೋಗ್ಯ ವಿಮೆಯ ಹೆಚ್ಚಿನ ಪಾಲಿಸಿಗಳಲ್ಲಿ ‘ಆಸ್ಪತ್ರೆಗೆ ದಾಖಲು’ ಎಂದರೆ ಕನಿಷ್ಠ 24 ಗಂಟೆ ಸತತವಾಗಿ ಒಳರೋಗಿಯಾಗಿರುವುದು. ಕಣ್ಣಿನ ಪೊರೆ, ಡಯಾಲಿಸಿಸ್, ಕಿಮೊಥೆರಪಿಯಂಥವಕ್ಕೆ ‘ಡೇ ಕೇರ್’ ಎಂಬ ವಿನಾಯಿತಿ ಇದೆ. ವೈದ್ಯವಿಜ್ಞಾನ ಮುಂದೆ ಹೋಗಿದೆ, ವಾರಗಟ್ಟಲೆ ಮಲಗಿಸುವ ಕಾಲ ಮುಗಿದಿದೆ ಎಂದು ವಿಮೆಯವರೇ ಒಪ್ಪಿಕೊಂಡು ಕೊಟ್ಟ ವಿನಾಯಿತಿ ಅದು. ಹಾಗಾದರೆ ಉಳಿದ ರೋಗಿಗಳು ಮಾಡಿದ ತಪ್ಪೇನು? 24 ಗಂಟೆ ದಾಟಿದರೂ ನೆಮ್ಮದಿಯಿಲ್ಲ. ಕೇವಲ ತಪಾಸಣೆಗಾಗಿ ದಾಖಲಾದರೆ ಹಣ ಕೊಡುವುದಿಲ್ಲ ಎಂಬ ಇನ್ನೊಂದು ಷರತ್ತು ಕಾದಿರುತ್ತದೆ. ರಿಪೋರ್ಟ್ ನಾರ್ಮಲ್ ಬಂತೋ, ‘ಇದು ಬರೀ ತಪಾಸಣೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಎದೆ ಹಿಡಿದುಕೊಂಡು ಬಂದವನಿಗೆ ತನ್ನ ರಿಪೋರ್ಟ್ ನಾರ್ಮಲ್ ಬರುತ್ತದೆಂದು ಮೊದಲೇ ಗೊತ್ತಿತ್ತೇ?

ಈ ಗೆರೆ ಒಳ್ಳೆಯವರ ಬಾಯಲ್ಲೂ ಸುಳ್ಳು ಹೇಳಿಸುತ್ತಿದೆ. ‘ಡಾಕ್ಟ್ರೇ, ಇನ್ನೊಂದು ರಾತ್ರಿ ಇಟ್ಕೊಳ್ಳಿ, ಕ್ಲೇಮ್ ಆಗುತ್ತೆ’ ಎಂದು ಮನೆಯವರು ಬೇಡುತ್ತಾರೆ. ಬಿಲ್ ಬೆಳೆದರೆ ಬೇಡವೆನ್ನುವ ಆಸ್ಪತ್ರೆಗಳು ಕಡಿಮೆ. ನಿಜವಾಗಿ ಹಾಸಿಗೆ ಬೇಕಾದವನು ಹೊರಗೆ ಸ್ಟ್ರೆಚರ್ ಮೇಲೆ ಕಾಯುತ್ತಾನೆ. ಗುಣವಾದವನು ಒಳಗೆ ಆಸ್ಪತ್ರೆಯ ಸೋಂಕಿಗೆ ಮೈಯೊಡ್ಡಿ ಮಲಗಿರುತ್ತಾನೆ. ಹೀಗೆ ಕೇಳಬೇಕೆಂದು ಗೊತ್ತಿಲ್ಲದ ಬಡಪಾಯಿ ಮಾತ್ರ ಓಲೆಯೋ ಬೈಕೋ ಅಡವಿಟ್ಟು ಬಿಲ್ ಕಟ್ಟಿ ಮನೆಗೆ ಹೋಗುತ್ತಾನೆ.

ಹಾಸಿಗೆಯನ್ನೇ ಹತ್ತದ ರೋಗಿಗಳ ಪಾಡು ಇನ್ನೂ ಕಷ್ಟ. ಸಕ್ಕರೆ ಕಾಯಿಲೆ, ಬಿ.ಪಿ., ಥೈರಾಯ್ಡ್‌ಗೆ ತಿಂಗಳು ತಿಂಗಳು ಮಾತ್ರೆ ತೆಗೆದುಕೊಳ್ಳುವವರಿಗೆ ಸಾಮಾನ್ಯ ಪಾಲಿಸಿ ಏನನ್ನೂ ಕೊಡುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ, ಅದರಿಂದ ಎಷ್ಟೋ ಜೀವ ಉಳಿದಿವೆ. ಆದರೆ ಅದರ ಹಣವೂ ಬಹುಮಟ್ಟಿಗೆ ದಾಖಲಾದವರಿಗೇ. ಇನ್ಸುಲಿನ್ ಕೊಳ್ಳಲಾಗದೆ ಕಾಲಿನ ಹುಣ್ಣು ಕೊಳೆಯುವಾಗ ದುಡ್ಡಿಲ್ಲ, ಆ ಕಾಲನ್ನು ಕತ್ತರಿಸುವಾಗ ದುಡ್ಡಿದೆ. ಇದನ್ನು ನಾವು ಆರೋಗ್ಯ ರಕ್ಷಣೆ ಎಂದು ಕರೆಯುತ್ತಿದ್ದೇವೆ!

ಬೇರೆ ದಾರಿಯೇ ಇಲ್ಲವೆನ್ನಬೇಡಿ. 1948ರ ಕಾರ್ಮಿಕರ ರಾಜ್ಯ ವಿಮಾ (ಇಎಸ್‌ಐ) ಕಾಯ್ದೆ ಕಾರ್ಮಿಕನಿಗೆ ಡಿಸ್ಪೆನ್ಸರಿಯ ಮಾತ್ರೆಯನ್ನೂ ಆಸ್ಪತ್ರೆಯ ಹಾಸಿಗೆಯನ್ನೂ ಒಟ್ಟಿಗೇ ಕೊಟ್ಟಿತು. ಆ ಆಸ್ಪತ್ರೆಗಳಲ್ಲಿ ಕೊರತೆ ಸಾವಿರ ಇರಬಹುದು, ತತ್ವದಲ್ಲಿ ಕೊರತೆಯಿಲ್ಲ.

ನಿಯಮ ಬದಲಾಗುವವರೆಗೆ ನಾವೂ ಸುಮ್ಮನಿರಬೇಕಿಲ್ಲ. ವೈದ್ಯರೇ, ದಾಖಲು ಮಾಡಿಕೊಂಡದ್ದು ಏಕೆ, ಮನೆಗೆ ಕಳಿಸಿದ್ದರೆ ಏನು ಅಪಾಯವಿತ್ತು ಎಂಬುದನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಎರಡು ಸಾಲು ಬಿಡಿಸಿ ಬರೆಯಿರಿ. ನೀವು ಅವಸರದಲ್ಲಿ ಗೀಚಿದ ‘ಅಬ್ಸರ್ವೇಶನ್’ ಎಂಬ ಒಂದು ಪದವನ್ನು ವಿಮೆಯವರು ‘ಬರೀ ತಪಾಸಣೆ’ ಎಂದು ಓದಿದರೆ, ಅದು ಒಂದು ಮನೆಯನ್ನು ಸಾಲಕ್ಕೆ ತಳ್ಳಬಲ್ಲದು.

ಓದುಗರೇ, ಕ್ಲೇಮ್ ತಿರಸ್ಕಾರವಾದರೆ ಹಣೆಬರಹ ಎಂದು ಸುಮ್ಮನಾಗಬೇಡಿ. ಕಾರಣವನ್ನು ಲಿಖಿತವಾಗಿ ಕೇಳಿ. ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ತಿರಸ್ಕರಿಸುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲೇ ಹೇಳಿದೆ. ಆ ಒಪ್ಪಿಗೆ ಎಲ್ಲಿದೆ ಎಂದು ಕೇಳಿ. ಕಂಪನಿಗೆ ದೂರು ಕೊಟ್ಟು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ.

ಪ್ರಾಧಿಕಾರಕ್ಕೆ, ಸರ್ಕಾರಕ್ಕೆ ನಮ್ಮ ಬೇಡಿಕೆ ಇಷ್ಟೇ. ರೋಗಿಗೆ ಆ ಆರೈಕೆ ಬೇಕಿತ್ತೇ ಎಂಬುದನ್ನು ನೋಡಿ ಹಣ ಕೊಡಿ, ಎಷ್ಟು ಗಂಟೆ ಮಲಗಿದ್ದ ಎಂದು ನೋಡಬೇಡಿ. ದೀರ್ಘಕಾಲದ ಕಾಯಿಲೆಯವರ ಔಷಧ ಮತ್ತು ತಪಾಸಣೆಯನ್ನು ಪ್ರತಿ ಮೂಲ ಪಾಲಿಸಿಯೊಳಗೂ, ಸರ್ಕಾರದ ಯೋಜನೆಯೊಳಗೂ ತನ್ನಿ. ನಿಮ್ಮ ಶಾಸಕರು ಮುಂದಿನ ಸಲ ಊರಿಗೆ ಬಂದಾಗ ಅವರ ಕೈಗೆ ಈ ಎರಡನ್ನೂ ಬರೆದ ಅರ್ಜಿಯನ್ನು, ಅದರ ಜೊತೆಗೆ ನಿಮ್ಮ ತಿರಸ್ಕೃತ ಬಿಲ್ಲನ್ನು ಕೊಡಿ.