ಚಿತ್ರದ ವೇಷದಲ್ಲಿ ಬರುವ ಕಡತ

ವಾಚಕ ಬಂಧುಗಳಲ್ಲಿ ಅನೇಕರು ಇಂದು ಯಾವುದಾದರೊಂದು ಸಂಘದ, ಶಾಲೆಯ ಅಥವಾ ವಿದ್ಯಾರ್ಥಿನಿಲಯದ ಜಾಲತಾಣದ ಹೊಣೆ ಹೊತ್ತಿದ್ದಾರೆ. ಸಮಾರಂಭದ ಭಾವಚಿತ್ರ, ಆಮಂತ್ರಣ ಪತ್ರಿಕೆ, ವಿದ್ಯಾರ್ಥಿಗಳ ಅರ್ಜಿ ಇವುಗಳನ್ನು ತಾಣಕ್ಕೆ ಏರಿಸುವ ಅನುಕೂಲವನ್ನು ವರ್ಡ್‌ಪ್ರೆಸ್, ಜೂಮ್ಲಾ ಮೊದಲಾದ ವ್ಯವಸ್ಥೆಗಳು ಒದಗಿಸಿಕೊಟ್ಟಿವೆ. ಈ ಅನುಕೂಲದ ಬಾಗಿಲಿನಿಂದಲೇ ಕಳ್ಳರೂ ಒಳಬರುತ್ತಾರೆಂಬುದನ್ನು ಈ ಸಲ ತಮ್ಮ ಅವಗಾಹನೆಗೆ ತರಬಯಸುತ್ತೇವೆ.

ವಿಷಯದ ಮೂಲ ಸರಳವಾಗಿದೆ. ಚಿತ್ರವು ಸರ್ವರಿನಲ್ಲಿ ಸುಮ್ಮನೆ ಇರುವ ವಸ್ತು. ಕೇಳಿದವರಿಗೆ ತೋರಿಸುವುದಷ್ಟೇ ಆ ಯಂತ್ರದ ಕೆಲಸ. ಪಿಎಚ್‌ಪಿ ಭಾಷೆಯಲ್ಲಿ ಬರೆದ ಕಡತವಾದರೋ ಆಜ್ಞೆಗಳ ಪಟ್ಟಿ. ಅದರ ವಿಳಾಸವನ್ನು ಯಾರು ಕರೆದರೂ ಯಂತ್ರವು ಆ ಆಜ್ಞೆಗಳನ್ನು ನಡೆಸಿಬಿಡುತ್ತದೆ. ಚಿತ್ರವಿರಬೇಕಾದೆಡೆಯಲ್ಲಿ ಪರರು ಇಂತಹದೊಂದನ್ನು ಇರಿಸಿದರೆಂದರೆ ತಾಣದ ಯಜಮಾನಿಕೆ ಅವರ ಕೈಸೇರಿತೆಂದೇ ತಿಳಿಯಬೇಕು.

ಹೆಸರನ್ನು ನೋಡಿ ತಡೆದರೆ ಸಾಲದೆ? ಸಾಲದು. ಜೂಮ್ಲಾದಲ್ಲಿ ಅಂತಹ ತಪಾಸಣೆ ಇದ್ದೇ ಇತ್ತು. ಆದರೆ ಹೆಸರಿನ ತುದಿಗೆ ಒಂದೇ ಒಂದು ಚುಕ್ಕೆಯನ್ನು ಹೆಚ್ಚಾಗಿ ಇಟ್ಟರೆ ಆ ತಪಾಸಣೆ ಮೋಸಹೋಗುತ್ತಿತ್ತೆಂಬುದು 2013ರಲ್ಲಿ ಬಯಲಾಯಿತು, 2.5.14 ಮತ್ತು 3.1.5ನೆಯ ಆವೃತ್ತಿಗಳಲ್ಲಿ ಅದನ್ನು ಸರಿಪಡಿಸಲಾಯಿತು. ಒಂದು ಚುಕ್ಕೆಗೆ ಇಷ್ಟು ಬೆಲೆಯೆಂದು ನಮ್ಮ ವ್ಯಾಕರಣ ಪಂಡಿತರೂ ಎಣಿಸಿರಲಾರರು!

ಇದಕ್ಕಿಂತ ಘೋರವಾದುದು 2020ರ ಸೆಪ್ಟೆಂಬರಿನಲ್ಲಿ ಬೆಳಕಿಗೆ ಬಂದ ಪ್ರಕರಣ. ವರ್ಡ್‌ಪ್ರೆಸ್‌ಗೆ ಜೋಡಿಸುವ 'ಫೈಲ್ ಮ್ಯಾನೇಜರ್' ಎಂಬ ಪ್ಲಗಿನ್ 7 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿತ್ತು. ಅದರೊಳಗೆ 'ಎಲ್‌ಫೈಂಡರ್' ಎಂಬ ಮತ್ತೊಬ್ಬರ ಸಾಧನವನ್ನು ಬಳಸಿಕೊಂಡಿದ್ದರು. ಆ ಸಾಧನದ ಜೊತೆಗೆ ಬರುವ ಮಾದರಿ ಕಡತವೊಂದು ತಾನಾಗಿ ನಡೆಯದಂತೆ, ಅದರ ಹೆಸರಿನ ಕೊನೆಗೆ ಬೇರೆಯೇ ಬಾಲವನ್ನು ಅಂಟಿಸಿರುತ್ತಾರೆ. ಪ್ಲಗಿನ್ ಸಿದ್ಧಪಡಿಸಿದವರು ಆ ಬಾಲವನ್ನು ಕತ್ತರಿಸಿದರು. ಮಾದರಿಯು ನಿಜವಾದ ಬಾಗಿಲಾಯಿತು. ಪಾಸ್‌ವರ್ಡ್ ಕೇಳುವವರೂ ಅಲ್ಲಿರಲಿಲ್ಲ. ಯಾರು ಬೇಕಾದರೂ ಯಾವ ಕಡತವನ್ನಾದರೂ ಏರಿಸಬಹುದಾಗಿತ್ತು. ದುಷ್ಕರ್ಮಿಗಳು ಚಿತ್ರಗಳ ಒಡಲಲ್ಲಿ ಆಜ್ಞೆಗಳನ್ನು ಹುದುಗಿಸಿ ಏರಿಸಿದರು. ಕೆಲವರಂತೂ ತಾವು ಒಳಹೊಕ್ಕ ಬಳಿಕ ಇತರ ಕಳ್ಳರು ಬಾರದಿರಲೆಂದು ಆ ಬಾಗಿಲಿಗೆ ತಮ್ಮದೇ ಬೀಗ ಜಡಿದರು. ಸೆಪ್ಟೆಂಬರ್ 1ರಂದು ಹೊರಬಂದ 6.9ನೆಯ ಆವೃತ್ತಿಯಲ್ಲಿ ಆ ಕಡತವನ್ನೇ ತೆಗೆದುಹಾಕಿದರು.

ಪ್ಲಗಿನ್ನನ್ನು ನಿಷ್ಕ್ರಿಯಗೊಳಿಸಿದರೆ ಸಾಕೆಂದು ಭಾವಿಸಿದವರಿಗೆ ಆಗ ರಕ್ಷಣೆ ದೊರೆಯಲಿಲ್ಲ. ಕಡತವು ಸರ್ವರಿನಲ್ಲಿ ಉಳಿದಿರುವವರೆಗೆ ಅದನ್ನು ನೇರವಾಗಿ ಕರೆಯಲು ಸಾಧ್ಯವಿತ್ತು. ಹೊಸ ಆವೃತ್ತಿಯನ್ನು ಹಾಕಿಕೊಂಡವರಲ್ಲಿಯೂ, ಅದಕ್ಕೆ ಮೊದಲೇ ಕಳ್ಳನು ಇಟ್ಟುಹೋದ ಕಡತವು ತಾನಾಗಿ ಅಳಿಯುವುದಿಲ್ಲ. ತಾಣವನ್ನು ಕಟ್ಟಿಕೊಟ್ಟ ತರುಣ ಬೇರೆ ಊರಿನ ನೌಕರಿಗೆ ಹೋಗಿ, ಪಾಸ್‌ವರ್ಡ್ ಯಾರ ಬಳಿಯಿದೆಯೆಂದು ಕಾರ್ಯದರ್ಶಿಗಳಿಗೂ ತಿಳಿಯದ ಕಡೆಗಳಲ್ಲಿ ಇಂತಹ ಕಡತಗಳು ವರ್ಷಗಟ್ಟಲೆ ಉಳಿಯಬಲ್ಲವು. ಆ ತಾಣದಲ್ಲಿ ಹೆಣ್ಣುಮಕ್ಕಳ ಅರ್ಜಿಗಳೂ ದಾನಿಗಳ ದೂರವಾಣಿ ಸಂಖ್ಯೆಗಳೂ ಇದ್ದರೆ ಅವು ಯಾರ ಪಾಲಾಗಬಹುದೆಂದು ಯೋಚಿಸಬೇಕು.

ತಾಣವನ್ನು ನೋಡಿಕೊಳ್ಳುವವರಿಂದ ಮೊದಲು ಮಾಡಿಸಬೇಕಾದುದು, ಏರಿಸಿದ ಕಡತಗಳ ಕೋಶದಲ್ಲಿ ಪಿಎಚ್‌ಪಿ ನಡೆಯದಂತೆ ಸರ್ವರಿನಲ್ಲಿಯೇ ಕಟ್ಟುಮಾಡುವುದು. ಹೀಗೆ ಮಾಡಿದಲ್ಲಿ ಮೋಸದ ಕಡತವು ಆ ಕೋಶಕ್ಕೆ ನುಸುಳಿದರೂ ಅಲ್ಲಿ ನಿರ್ಜೀವವಾಗಿ ಬಿದ್ದಿರುವುದು. ಅನುಮತಿಸಿದ ಬಗೆಗಳನ್ನು ಮಾತ್ರ ಸ್ವೀಕರಿಸುವುದು, ಬಂದುದಕ್ಕೆ ಹೊಸ ಹೆಸರಿಡುವುದು, ಬಳಸದ ಪ್ಲಗಿನ್‌ಗಳನ್ನು ಪೂರ್ತಿಯಾಗಿ ಅಳಿಸುವುದು ಇವೂ ಬೇಕು. 'ಇದು ಚಿತ್ರ' ಎಂದು ಕಳುಹಿಸಿದವರ ಕಡೆಯಿಂದ ಬರುವ ಗುರುತನ್ನು ನಂಬಲಾಗದು.

ವರ್ಡ್‌ಪ್ರೆಸ್ ತಾಣದಲ್ಲಿ ಏರಿಸಿದ ಚಿತ್ರಗಳು ಸಾಮಾನ್ಯವಾಗಿ ವರ್ಷ, ತಿಂಗಳುಗಳ ಹೆಸರಿನ ಕೋಶಗಳಲ್ಲಿರುತ್ತವೆ. ಅವುಗಳ ನಡುವೆ ಅಪರಿಚಿತ ಪಿಎಚ್‌ಪಿ ಕಡತ ಕಂಡರೆ ಅದೊಂದನ್ನೇ ಅಳಿಸಿ ಸುಮ್ಮನಾಗದೆ, ಹಿಂದಿನ ಶುದ್ಧ ಪ್ರತಿಯಿಂದ ತಾಣವನ್ನು ಮರಳಿ ಕಟ್ಟಿಸಿ, ಪ್ಲಗಿನ್‌ಗಳನ್ನು ಹೊಸ ಆವೃತ್ತಿಗೆ ತಂದು, ದತ್ತಾಂಶ ಸಂಗ್ರಹದ ಪಾಸ್‌ವರ್ಡ್ ಸಹಿತ ಎಲ್ಲ ಪಾಸ್‌ವರ್ಡ್‌ಗಳನ್ನೂ ಬದಲಾಯಿಸತಕ್ಕದ್ದು.