ಗೃಹಪ್ರವೇಶದ ಟೈಮಲ್ಲಿ ಯಾಕೆ ಜಗಳ ಅಂತೀರಲ್ಲ

ನಮ್ಮ ಆಫೀಸಿನಲ್ಲಿ ಯಾರಾದರೂ ಫ್ಲಾಟ್ ಕೊಂಡರೆ ಮೊದಲು ಸ್ವೀಟ್ ಬಾಕ್ಸ್ ಬರುತ್ತದೆ, ಆಮೇಲೆ ಗೃಹಪ್ರವೇಶದ ಕಾರ್ಡ್ ಬರುತ್ತದೆ, ಅದಾದ ಒಂದು ತಿಂಗಳಿಗೆ ಕ್ಯಾಂಟೀನಿನಲ್ಲಿ ಒಂದು ಕಥೆ ಬರುತ್ತದೆ. ಹಳೇ ಮನೆ ಓನರ್ ಡೆಪಾಸಿಟ್‌ನಲ್ಲಿ ಎಷ್ಟು ಹಿಡಿದುಕೊಂಡ ಅನ್ನೋ ಕಥೆ. ಮೊತ್ತ ಒಬ್ಬೊಬ್ಬರದು ಒಂದೊಂದು. ಕೊನೇ ವಾಕ್ಯ ಮಾತ್ರ ಎಲ್ಲರದೂ ಒಂದೇ: "ಹೋಗ್ಲಿ ಬಿಡಪ್ಪ, ಸ್ವಂತ ಮನೆ ಆಯ್ತಲ್ಲ, ಗೃಹಪ್ರವೇಶದ ಟೈಮಲ್ಲಿ ಯಾಕೆ ಜಗಳ?"

ನನ್ನ ತಕರಾರು ಈ ವಾಕ್ಯದ ಜೊತೆಗೇ. ಓನರ್ ಜೊತೆಗಿನದು ಆಮೇಲಿನ ಮಾತು.

ಸ್ವಲ್ಪ ಯೋಚನೆ ಮಾಡಿ. ಬಾಡಿಗೆ ಮನೆ ಬಿಡುವ ಉಳಿದವರೆಲ್ಲ ಇನ್ನೊಂದು ಬಾಡಿಗೆ ಮನೆಗೇ ಹೋಗುವವರು. ಅವರಿಗೆ ಹೊಸ ಡೆಪಾಸಿಟ್ ಕಟ್ಟಲು ಹಳೇ ಡೆಪಾಸಿಟ್ ಅದೇ ವಾರ ಬೇಕು. ಹೊಸ ಓನರ್ ಹಳೇ ಓನರ್‌ಗೆ ಫೋನ್ ಮಾಡಿ "ಹೆಂಗೆ ಜನ?" ಅಂತ ಕೇಳುತ್ತಾನೆ. ಬ್ರೋಕರ್ ಇಬ್ಬರಿಗೂ ಒಬ್ಬನೇ ಆಗಿರುತ್ತಾನೆ. ಹಾಗಾಗಿ ಅವರು ಬಾಯಿ ಮುಚ್ಚಿಕೊಂಡು ಕೊಟ್ಟಷ್ಟು ಇಸಕೊಂಡು ಹೋಗುವುದರಲ್ಲಿ ಅರ್ಥವಿದೆ. ಮನೆ ಕೊಂಡು ಹೊರಡುವ ಬಾಡಿಗೆದಾರನಿಗೆ ಈ ಯಾವ ಹಂಗೂ ಇಲ್ಲ. ಅವನಿಗೆ ಮುಂದಿನ ಓನರ್ ಇಲ್ಲ, ಯಾರ ಸರ್ಟಿಫಿಕೇಟೂ ಬೇಕಿಲ್ಲ. ಇಡೀ ಬಾಡಿಗೆ ಪೇಟೆಯಲ್ಲಿ ಧೈರ್ಯವಾಗಿ ಲೆಕ್ಕ ಕೇಳಬಲ್ಲವನು ಅವನೊಬ್ಬನೇ. ಅವನೇ "ಹೋಗ್ಲಿ ಬಿಡಿ" ಅಂದರೆ ಆ ಮೂವತ್ತು ಸಾವಿರ ಅವನ ಉದಾರತನ ಅಂತ ಎಲ್ಲೂ ಜಮಾ ಆಗೋದಿಲ್ಲ, ಆ ಬಿಲ್ಡಿಂಗಿನ ರೇಟ್ ಆಗಿಬಿಡುತ್ತದೆ. "ಹಿಂದಿನವರು ಕೊಟ್ಟರಲ್ಲ, ನಿಮಗೇನು?" ಅನ್ನೋ ಮಾತು ಬೀಳುವುದು ಮುಂದೆ ಬರುವ ಹುಡುಗನ ತಲೆ ಮೇಲೆ. ಆ ಹುಡುಗ ಬಹಳ ಸಲ ನಮ್ಮ ಕಡೆಯವನೇ ಆಗಿರುತ್ತಾನೆ, ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಮೊದಲ ಸಂಬಳಕ್ಕಿಂತ ಮೊದಲೇ ಅಪ್ಪನ ಹತ್ತಿಬೆಳೆಯ ರೊಕ್ಕದಲ್ಲಿ ಡೆಪಾಸಿಟ್ ಕಟ್ಟಿದವನು.

ನಾನು ಶಹಾಪುರ ತಾಲೂಕಿನ ವನದುರ್ಗದವನು. ಕೋಟೆ ಇರೋ ಊರು. ನಮ್ಮಲ್ಲಿ ಮನೆ ಬಾಡಿಗೆ ಅನ್ನೋದು ಅಪರೂಪ. ಮಾಸ್ತರರು, ಬ್ಯಾಂಕಿನವರು ಬಂದರೆ ಮಾತ್ರ. ಆದರೆ ಹೊಲ ಲಾವಣಿಗೆ ಕೊಡೋದು, ತಗೊಳ್ಳೋದು ಮನೆಮನೆಯ ಮಾತು. 1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ಉಳುಮೆ ಜಮೀನನ್ನು ಹೀಗೆ ಗೇಣಿಗೆ ಕೊಡಲು ಸೈನಿಕರಂಥ ಕೆಲವರನ್ನು ಬಿಟ್ಟರೆ ಕಾನೂನಿನಲ್ಲಿ ಅವಕಾಶವೇ ಇಲ್ಲ. ಕಾಗದ ಮಾಡುವ ಪ್ರಶ್ನೆಯೇ ಬರೋದಿಲ್ಲ, ಎಲ್ಲಾ ಬಾಯಿಮಾತು. ಆದರೂ ಅದಕ್ಕೊಂದು ನೋಟಿಸ್ ಪದ್ಧತಿ ಇದೆ ನೋಡಿ. ಯುಗಾದಿಯಿಂದ ಯುಗಾದಿಗೆ ಲೆಕ್ಕ. ಹೊಲ ಬಿಡುವವನು ಹಬ್ಬಕ್ಕೆ ಮುಂಚೆ ಬಂದು "ಈ ಸಲ ಬಿಡ್ತೀನ್ರೀ ಗೌಡ್ರ" ಅನ್ನಬೇಕು. ಗೌಡನೂ ಬೇರೆಯವನಿಗೆ ಕೊಡೋದಿದ್ದರೆ ಆಗಲೇ ಹೇಳಬೇಕು. ತೊಗರಿ ಹೂವು ಬಿಟ್ಟ ಹೊತ್ತಿನಲ್ಲಿ "ಹೊಲ ಬಿಡು" ಅಂದವನನ್ನು ಕಟ್ಟೆಯ ಮೇಲೆ ಕೂತ ಮಂದಿ ಸುಮ್ಮನೆ ಬಿಡೋದಿಲ್ಲ. ಊರಲ್ಲಿ ಎಲ್ಲಾ ನ್ಯಾಯವಾಗಿಯೇ ನಡೀತದ ಅಂತ ನಾನು ಹೇಳ್ತಿಲ್ಲ, ಗೌಡನ ಮಾತಿನ ತೂಕವೇ ಬೇರೆ, ಅದು ಎಲ್ಲರಿಗೂ ಗೊತ್ತು. ಆದರೆ ದಿನ ಇಬ್ಬರಿಗೂ ಒಂದೇ. ಒಬ್ಬನ ಯುಗಾದಿ ಒಂದು ತಿಂಗಳು ಮೊದಲು, ಇನ್ನೊಬ್ಬನದು ಮೂರು ತಿಂಗಳು ತಡ ಅಂತ ಇಲ್ಲ.

ಬೆಂಗಳೂರಿನ ರೆಂಟಲ್ ಅಗ್ರಿಮೆಂಟ್ ತೆಗೆದು ಓದಿ. ಸ್ಟಾಂಪ್ ಪೇಪರ್, ಸಾಕ್ಷಿ, ಸಹಿ ಎಲ್ಲಾ ಉಂಟು. ಹನ್ನೊಂದು ತಿಂಗಳು, ಯಾಕೆಂದರೆ ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು. ಬಾಡಿಗೆದಾರ ಎರಡು ತಿಂಗಳು ಮೊದಲು ನೋಟಿಸ್ ಕೊಡಬೇಕು ಅಂತ ಇರುತ್ತದೆ. ಕೊಡದಿದ್ದರೆ ಏನು ಕಡಿತ ಅಂತಲೂ ಇರುತ್ತದೆ. ಡೆಪಾಸಿಟ್ ವಾಪಸ್ ಕೊಡುವ ಸಾಲಿಗೆ ಬಂದಾಗ ಮಾತ್ರ ಭಾಷೆ ಮೆತ್ತಗಾಗುತ್ತದೆ: "ಕಡಿತಗಳನ್ನು ಕಳೆದು ಹಿಂದಿರುಗಿಸತಕ್ಕದ್ದು." ಎಷ್ಟು ದಿನದಲ್ಲಿ? ಯಾವ ಕಡಿತ? ತಡವಾದರೆ ಬಡ್ಡಿ ಎಷ್ಟು? ಖಾಲಿ. ಸಾಫ್ಟ್‌ವೇರ್ ಕಾಂಟ್ರಾಕ್ಟಿನಲ್ಲಿ ಇಂಥ ಸಾಲು ಬಂದರೆ ನಾವು ಹತ್ತು ಕಮೆಂಟ್ ಹಾಕಿ ವಾಪಸ್ ಕಳಿಸುತ್ತೇವೆ. ಮನೆಯ ವಿಷಯಕ್ಕೆ ಬಂದಾಗ ಬ್ರೋಕರ್ ತೋರಿಸಿದ ಕಡೆ ಸಹಿ.

ಕಾನೂನು ಏನು ಹೇಳುತ್ತದೆ? ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯನ್ನು ಮುಗಿಸಲು 15 ದಿನದ ನೋಟಿಸ್ ಸಾಕು, ಅದೂ ಎರಡೂ ಕಡೆಯವರಿಗೆ ಸಮ. ಇದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ. ನೋಟಿಸ್ ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು, ಅಂಚೆಯಲ್ಲೋ ಕೈಯಲ್ಲೋ ತಲುಪಿಸಬೇಕು. ವಾಟ್ಸ್ಯಾಪ್‌ನಲ್ಲಿ "ಅಂಕಲ್, ನಾವು ಖಾಲಿ ಮಾಡ್ತಿದೀವಿ" ಅಂತ ಹಾಕಿ ಎರಡು ನೀಲಿ ಟಿಕ್ ನೋಡಿ ನಿಶ್ಚಿಂತರಾಗುವವರೇ, ಅದರ ಜೊತೆ ಒಂದು ಸ್ಪೀಡ್ ಪೋಸ್ಟ್ ಕೂಡ ಹಾಕ್ರಿ. ಅದೇ ಕಾಯ್ದೆಯ 108ನೇ ಕಲಂ ಇನ್ನೂ ಮುಖ್ಯ. ಬಾಡಿಗೆದಾರ ಮನೆಯನ್ನು ಮೊದಲಿದ್ದ ಸ್ಥಿತಿಯಲ್ಲಿ ಒಪ್ಪಿಸಬೇಕು, ಸಹಜವಾಗಿ ಬಳಸಿ ಸವೆದದ್ದನ್ನು ಬಿಟ್ಟು. ಈ "ಬಿಟ್ಟು" ಅನ್ನೋ ಮಾತನ್ನು ಓನರ್‌ಗಳು ಓದುವುದೇ ಇಲ್ಲ. ನಾಲ್ಕು ವರ್ಷದಲ್ಲಿ ಗೋಡೆಯ ಬಣ್ಣ ಮಂಕಾಗುವುದು ಸವೆತ. ಗೋಡೆ ಒಡೆದರೆ ಅದು ಹಾನಿ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ನಮ್ಮನ್ನು ಕಾಪಾಡುತ್ತದೆ ಅಂದುಕೊಂಡವರಿದ್ದಾರೆ. ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯವೇ ಆಗೋದಿಲ್ಲ. 3,500ಕ್ಕೆ ಇವತ್ತು ಪಿಜಿಯಲ್ಲಿ ಒಂದು ಮಂಚ ಸಿಕ್ಕರೆ ಹೇಳಿ, ನಾನೂ ಬರ್ತೀನಿ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ಕೇಳಬಾರದು ಎಂದಿದೆ, ಮನೆ ಒಪ್ಪಿಸಿದ ಹೊತ್ತಿಗೇ ಅದನ್ನು ವಾಪಸ್ ಕೊಡಬೇಕೆಂದೂ ಇದೆ. ಆದರೆ ಮಾದರಿ ಅಂದರೆ ಮಾದರಿಯಷ್ಟೇ, ರಾಜ್ಯ ತನ್ನದಾಗಿ ಮಾಡಿಕೊಂಡರೆ ಮಾತ್ರ ಜೀವ. ಬೆಂಗಳೂರಿನ ಹತ್ತು ತಿಂಗಳ ಡೆಪಾಸಿಟ್ ಸಂಪ್ರದಾಯ ನೋಡಿದರೆ ಅದು ಬೇರೆ ಯಾವುದೋ ದೇಶದ ಕಾನೂನು ಅನ್ನಿಸುತ್ತದೆ.

ನನ್ನದೇ ಲೆಕ್ಕ ಹೇಳ್ತೀನಿ. ಬಾಡಿಗೆ 24,000, ಡೆಪಾಸಿಟ್ 2,40,000. ನಾಲ್ಕು ವರ್ಷ ಅದು ಓನರ್ ಹತ್ತಿರ ಇತ್ತು. ಸುಮ್ಮನೆ 6 ಪರ್ಸೆಂಟ್ ಸಾದಾ ಬಡ್ಡಿ ಹಿಡಿದರೂ 57,600 ರೂಪಾಯಿ. ಇದನ್ನು ಬಾಡಿಗೆಯ ಭಾಗ ಅಂತ ಯಾರೂ ಕರೆಯೋದಿಲ್ಲ, ಆದರೆ ಅದು ಬಾಡಿಗೆಯೇ. ಕರಾರಿನಲ್ಲಿ ಒಂದು ತಿಂಗಳ ನೋಟಿಸ್ ಇತ್ತು, ನಾನು ಎರಡು ತಿಂಗಳು ಮೊದಲೇ ಪತ್ರ ಕೊಟ್ಟೆ. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಅಂತ ಮೊದಲೇ ಬರೆದಿತ್ತು, ಅದನ್ನು ಕೊಟ್ಟೆ. ಅದರ ಮೇಲೆ ಟೈಲ್ಸ್ ಮಂಕು, ಚಿಮಣಿ ಜಿಡ್ಡು, ಡೀಪ್ ಕ್ಲೀನಿಂಗ್ ಅಂತ ಇನ್ನೂ 31,000 ಹಿಡಿದರು. ಬಿಲ್ ಕೇಳಿದ್ದಕ್ಕೆ ಬಂದ ಉತ್ತರ: "ಫ್ಲಾಟ್ ತಗೊಂಡೋರು ನೀವು, ಇಷ್ಟಕ್ಕೆಲ್ಲಾ ಲೆಕ್ಕ ಹಾಕ್ತೀರಾ?"

ಇದೇ ಇಡೀ ವ್ಯವಹಾರದ ತಿರುಳು. ಮನೆ ಕೊಂಡವನ ಹತ್ತಿರ ರೊಕ್ಕ ತುಳುಕುತ್ತಿದೆ ಅನ್ನೋ ಕಲ್ಪನೆ. ನಿಜ ಹೇಳಬೇಕೆಂದರೆ ಮನುಷ್ಯ ಜೀವನದಲ್ಲಿ ಅತಿ ಬರಿಗೈಯಾಗಿರುವುದು ರಿಜಿಸ್ಟ್ರೇಷನ್ ಆದ ವಾರ. 80 ಲಕ್ಷದ ಫ್ಲಾಟಿಗೆ 5 ಪರ್ಸೆಂಟ್ ಮುದ್ರಾಂಕ ಶುಲ್ಕ ಅಂದರೆ 4 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1ರಿಂದ 2 ಪರ್ಸೆಂಟಿಗೆ ಏರಿದೆ, ಅದು 1.6 ಲಕ್ಷ. ಸೆಸ್, ಸರ್ಚಾರ್ಜ್ ಬೇರೆ. ಇದಕ್ಕೆಲ್ಲ ಬ್ಯಾಂಕು ಸಾಮಾನ್ಯವಾಗಿ ಸಾಲ ಕೊಡೋದಿಲ್ಲ, ಕೈಯಿಂದಲೇ ಹಾಕಬೇಕು. ಆ ಹೊತ್ತಿನಲ್ಲಿ ನಿಮ್ಮದೇ 2.4 ಲಕ್ಷ ಇನ್ನೊಬ್ಬರ ಅಕೌಂಟಿನಲ್ಲಿ ಕೂತಿರುತ್ತದೆ, ನೀವು ಪರ್ಸನಲ್ ಲೋನ್ ಆ್ಯಪ್ ನೋಡುತ್ತಿರುತ್ತೀರಿ.

ನಾನು ಫೋಟೋ ಸಮೇತ ಪತ್ರ ಬರೆದೆ. ಮನೆಗೆ ಬಂದ ದಿನ ತೆಗೆದ ಫೋಟೋ, ಬಿಟ್ಟ ದಿನ ತೆಗೆದ ಫೋಟೋ, 108ನೇ ಕಲಂನ ಒಂದು ಸಾಲು, ಬಿಲ್ ಕೊಡಿ ಅನ್ನೋ ಒಂದು ಸಾಲು. ಬೈಗುಳ ಇಲ್ಲ. ನಲವತ್ತು ದಿನಕ್ಕೆ 22,000 ಬಂತು. ಉಳಿದ 9,000 ಇನ್ನೂ ಬರಬೇಕು. ಹಣ ವಸೂಲಿಯ ದಾವೆಗೆ ಮೂರು ವರ್ಷ ಕಾಲಮಿತಿ ಇದೆ, ನನಗೇನೂ ಅವಸರವಿಲ್ಲ.

ಓನರ್‌ಗಳ ಪರವಾಗಿಯೂ ಒಂದು ಮಾತಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಪೆನ್ಷನ್ ಇಲ್ಲದೆ ಬಾಡಿಗೆಯಲ್ಲೇ ಬದುಕುವ ಹಿರಿಯರಿದ್ದಾರೆ. ಅವರಿಗೆ ಎರಡು ತಿಂಗಳು ಮನೆ ಖಾಲಿ ಬಿದ್ದರೆ ಔಷಧಿಗೆ ಕಷ್ಟ. ಅದಕ್ಕೇ ನೋಟಿಸ್ ಇರುವುದು. ಕರಾರಿಗಿಂತ ಮೊದಲೇ ಕೊಡಿ ಅನ್ನುವವನು ನಾನು. ಕೊನೆಯ ನಾಲ್ಕು ತಿಂಗಳು ಬಾಡಿಗೆ ನಿಲ್ಲಿಸಿ "ಡೆಪಾಸಿಟ್‌ನಲ್ಲಿ ಮುರ್ಕೊಳ್ಳಿ" ಅನ್ನುವ ನಮ್ಮ ಜಾಣರ ಸಲಹೆ ನನಗೆ ಒಪ್ಪಿಗೆಯಿಲ್ಲ. ಸಿಟ್ಟು ಅರ್ಥವಾಗುತ್ತದೆ, ಆದರೆ ಅಲ್ಲಿಗೆ ಕರಾರು ಮುರಿದವರು ನೀವಾಗುತ್ತೀರಿ, ಬಿಲ್ ಕೇಳುವ ಬಾಯಿ ಕಟ್ಟುತ್ತದೆ.

ಮೊದಲೇ ಕೊಡಿ ಅಂದೆನಲ್ಲ, ಬಿಲ್ಡರ್ ಮಾತು ಕೇಳಿ ಮಾತ್ರ ಕೊಡಬೇಡಿ. ಅವನ "ಮುಂದಿನ ತಿಂಗಳು ಕೀ" ಅನ್ನೋದು ನಾರಾಯಣಪುರ ಎಡದಂಡೆ ಕಾಲುವೆಯ ಕೊನೆ ಹೊಲದವನಿಗೆ "ನಾಳೆ ನೀರು" ಅಂದಂಗ. ಕಾಲುವೆ ಐತಿ, ನೀರೂ ಐತಿ, ನಿನ್ನ ಹೊಲಕ್ಕ ಮಾತ್ರ ಬರಲ್ಲ. ಆಕ್ಯುಪೆನ್ಸಿ ಸರ್ಟಿಫಿಕೇಟ್ ಕಣ್ಣಲ್ಲಿ ನೋಡಿ, ರಿಜಿಸ್ಟ್ರೇಷನ್ ದಿನ ಗೊತ್ತಾದ ಮೇಲೆ ನೋಟಿಸ್ ಬರೆಯಿರಿ. ಅಲ್ಲಿಯವರೆಗೆ ಬಾಡಿಗೆಯೂ ಇಎಂಐಯೂ ಎರಡೂ ಕಟ್ಟುವ ಸಂಕಟ ನಿಜ. ಅದರ ಬಡ್ಡಿಯನ್ನು 2016ರ ರೇರಾ ಕಾಯ್ದೆಯ 18ನೇ ಕಲಂ ಅಡಿ ಬಿಲ್ಡರ್ ಹತ್ತಿರ ಕೇಳಬೇಕು, ತಡವಾದ ಪ್ರತಿ ತಿಂಗಳಿಗೂ. ಅಲ್ಲಿಯೂ ನಮ್ಮ ಮಂದಿ "ಹೋಗ್ಲಿ ಬಿಡಿ" ಅಂತಾರೆ, ಆ ಕಥೆ ಇನ್ನೊಂದು ದಿನಕ್ಕಿರಲಿ.

ಅಂದಹಾಗೆ, ಈ ಫ್ಲಾಟುಗಳನ್ನು ಕಟ್ಟಲು ಯಾದಗಿರಿ, ಶಹಾಪುರ, ಸುರಪುರದ ಕಡೆಯಿಂದ ಗುಳೆ ಬರುವ ಮಂದಿಗೆ ನೋಟಿಸ್ ಅನ್ನೋ ಪದವೇ ಇಲ್ಲ. ಕೊನೇ ಮಹಡಿ ಮುಗಿದ ದಿನ ತಗಡಿನ ಶೆಡ್ ಕಿತ್ತರೆ ಆಯ್ತು. ಅವರ ಮುಂದೆ ನಮ್ಮ 31,000ದ ಜಗಳ ದೊಡ್ಡದಲ್ಲ, ಗೊತ್ತಿದೆ. ಆದರೆ ಇಂಗ್ಲಿಷ್ ಬರುವ, ಲಾಯರ್ ಗೆಳೆಯರಿರುವ, ಅಗ್ರಿಮೆಂಟ್ ಓದಬಲ್ಲ ನಾವೇ ಲೆಕ್ಕ ಕೇಳದಿದ್ದರೆ ಈ ಊರಲ್ಲಿ ಲೆಕ್ಕ ಕೇಳುವವರು ಯಾರು?

ಈಗ ನಾನಿರುವ ಅಪಾರ್ಟ್‌ಮೆಂಟಿನಲ್ಲಿ ಅರ್ಧಕ್ಕರ್ಧ ಫ್ಲಾಟುಗಳನ್ನು ಬಾಡಿಗೆಗೆ ಬಿಡಲೆಂದೇ ಕೊಂಡಿದ್ದಾರೆ. ಕೊಂಡವರೆಲ್ಲ ನಮ್ಮಂಥವರೇ, ಮೊನ್ನೆ ಮೊನ್ನೆವರೆಗೆ ಬಾಡಿಗೆಗಿದ್ದು ಡೆಪಾಸಿಟ್ ಕಳಕೊಂಡು ಬೈದವರೇ. ಹೋದ ವಾರ ಒಬ್ಬರು ಓನರ್‌ಗಳ ಗ್ರೂಪಿನಲ್ಲಿ "ಎಲ್ಲರೂ ಒಂದೇ ಥರ ಇಟ್ಟುಕೊಳ್ಳೋಣ" ಅಂತ ಅಗ್ರಿಮೆಂಟ್ ನಮೂನೆ ಹಾಕಿದರು. ಹತ್ತು ತಿಂಗಳ ಡೆಪಾಸಿಟ್, ಬಾಡಿಗೆದಾರನಿಂದ ಎರಡು ತಿಂಗಳ ನೋಟಿಸ್, ಪೇಂಟಿಂಗ್ ಒಂದು ತಿಂಗಳು, ವಾಪಸಾತಿ "ಕಡಿತ ಕಳೆದು". ನಾನು ಅದನ್ನು ತಿದ್ದಿ ವಾಪಸ್ ಹಾಕಿದೆ: ಡೆಪಾಸಿಟ್ ಎರಡು ತಿಂಗಳು, ನೋಟಿಸ್ ಎರಡೂ ಕಡೆಗೆ ಸಮ, ಕೀ ಕೊಟ್ಟ ದಿನವೇ ಹಣ, ಬಿಲ್ ಇಲ್ಲದ ಕಡಿತ ಇಲ್ಲ. ಮೂರು ಮಂದಿ ಥಂಬ್ಸ್ ಅಪ್ ಹಾಕಿದ್ದಾರೆ. ಒಬ್ಬರು "ನೀವು ಬಾಡಿಗೆದಾರರ ಪರ ಮಾತಾಡೋದಾದರೆ ಈ ಗ್ರೂಪಿನಲ್ಲಿ ಯಾಕಿದ್ದೀರಿ?" ಎಂದು ಕೇಳಿದ್ದಾರೆ. ಭಾನುವಾರ ಹತ್ತು ಗಂಟೆಗೆ ಅಸೋಸಿಯೇಷನ್ ಮೀಟಿಂಗ್ ಇದೆ, ಉತ್ತರ ಅಲ್ಲೇ ಕೊಡ್ತೀನಿ.